ಪ್ರೊಪೊಫಾಲ್ ಉರಿ: ಮೊಣಕೈಯ ರಕ್ತನಾಳವೋ, ಒಂದು ನಿಮಿಷದ ಪಟ್ಟಿಯೋ?

ಪೂರ್ಣ ಅರಿವಳಿಕೆಗೆಂದು ಪ್ರೊಪೊಫಾಲ್ ಕೊಡುವಾಗ ಕೈ ಉರಿಯುವುದು ಹಳೆಯ ದೂರು. ಮುನ್ನೆಚ್ಚರಿಕೆ ವಹಿಸದಿದ್ದರೆ ಹತ್ತರಲ್ಲಿ ಆರೇಳು ಮಂದಿಗೆ ನೋವಾಗುತ್ತದೆ, ಲಿಗ್ನೋಕೇನ್ ಅದನ್ನು ತಗ್ಗಿಸುತ್ತದೆ. 2000ದ ಪಿಕಾರ್–ಟ್ರಾಮೆರ್ ವಿಮರ್ಶೆಯಿಂದ 2016ರ ಕಾಕ್ರೇನ್ ವಿಮರ್ಶೆಯವರೆಗೆ ಇಷ್ಟರಲ್ಲಿ ಭಿನ್ನಮತವಿಲ್ಲ.

ನನ್ನ ತಕರಾರು ಜಲೋಟಾ ಮತ್ತು ಸಂಗಡಿಗರು 2011ರಲ್ಲಿ ಸೂಚಿಸಿದ ಆದ್ಯತೆಯ ಬಗ್ಗೆ. 177 ಪ್ರಯೋಗಗಳನ್ನು, 25,260 ರೋಗಿಗಳನ್ನು ಒಟ್ಟಿಗೆ ನೋಡಿ ಅವರು ಹೇಳಿದ್ದಿದು: ಮೊದಲ ಆಯ್ಕೆ ಮೊಣಕೈ ಮಡಿಕೆಯ ರಕ್ತನಾಳ, ಮುಂಗೈಯದೇ ಆದರೆ ತೋಳಿಗೆ ಪಟ್ಟಿ ಬಿಗಿದು ಮೊದಲು ಲಿಗ್ನೋಕೇನ್. ನೋವಿನ ಸಾಪೇಕ್ಷ ಅಪಾಯ ಮೊದಲನೆಯದರಲ್ಲಿ 0.14, ಎರಡನೆಯದರಲ್ಲಿ 0.29. ಅಂಕಿ ನೋಡಿದರೆ ತೀರ್ಮಾನ ಸರಿ.

ಆದರೆ ರಕ್ತನಾಳವನ್ನು ಆರಿಸುವವರು ಯಾರು? ವೈಟ್‌ಫೀಲ್ಡ್‌ನಂಥ ಕಡೆ ಬೆಳಿಗ್ಗೆ ದಾಖಲಾಗಿ ಸಂಜೆ ಮನೆಗೆ ಹೊರಡುವ ಐಟಿ ನೌಕರನಿಗೆ ಸಾಮಾನ್ಯವಾಗಿ ವಾರ್ಡಿನ ಸಿಸ್ಟರೇ ಮುಂಗೈ ಹಿಂಭಾಗಕ್ಕೆ ಕ್ಯಾನ್ಯುಲಾ ಹಾಕಿರುತ್ತಾರೆ. ಅರಿವಳಿಕೆ ತಜ್ಞರ ಕೈಗೆ ಆತ ಸಿಗುವ ಹೊತ್ತಿಗೆ ಮೊದಲ ಆಯ್ಕೆ ಮುಗಿದುಹೋಗಿದೆ. ಉರಿ ತಪ್ಪಿಸಲು ಇನ್ನೊಮ್ಮೆ ಸೂಜಿ ಚುಚ್ಚುವುದು ಯಾವ ನ್ಯಾಯ? ಮೇಲಾಗಿ ಮೊಣಕೈ ಮಡಿಸಿದರೆ ಡ್ರಿಪ್ ನಿಲ್ಲುತ್ತದೆ, ಔಷಧ ಹೊರಗೆ ಸೋರಿದರೆ ಬೇಗ ಕಾಣುವುದಿಲ್ಲ, ಪಕ್ಕದಲ್ಲೇ ಅಪಧಮನಿ ಇದೆ. ಆದ್ದರಿಂದ ಇಂಥ ಓಟಿಗಳಲ್ಲಿ ಜಲೋಟಾರ ಎರಡನೆಯ ಸಲಹೆಯೇ ಮೊದಲನೆಯದಾಗಬೇಕು ಎಂಬುದು ನನ್ನ ವಾದ. ಮೊಣಕೈ ಕುರಿತ ಪ್ರಯೋಗಗಳು ಕೆಲವೇ ಎಂಬುದೂ ಇದಕ್ಕೆ ಪೂರಕ, ಆದರೆ ಅದೊಂದರಿಂದಲೇ 0.14 ಸುಳ್ಳಾಗದು.

ರೂಢಿಯ ಒಳದಾರಿ ಬೇರೆಯೇ: 20 ಮಿಲಿ ಪ್ರೊಪೊಫಾಲ್‌ಗೆ ಶೇ. 2ರ ಲಿಗ್ನೋಕೇನ್ 2 ಮಿಲಿ ಬೆರೆಸಿಬಿಡುವುದು. ಸಮಯ ಉಳಿಯುತ್ತದೆ. ಆದರೆ ಬೆರಕೆಯ ಅಂಕಿ 0.40. ಆ 2 ಮಿಲಿಯಲ್ಲಿರುವುದು 40 ಮಿಗ್ರಾಂ. ಅಷ್ಟು ಬೆರೆಸಿಟ್ಟರೆ ಹೊತ್ತು ಕಳೆದಂತೆ ಎಣ್ಣೆಯ ಹನಿಗಳು ಕೂಡಿಕೊಳ್ಳುವುದನ್ನು ಮಸಾಕಿ ಮೊದಲಾದವರು 2003ರಲ್ಲಿ ತೋರಿಸಿದ್ದಾರೆ. ಬೆರೆಸಿದ ಕೂಡಲೇ ಕೊಟ್ಟರೆ ಆತಂಕ ಬೇಡ. ಬೆಳಿಗ್ಗೆಯೇ ಸಿರಿಂಜು ತುಂಬಿಡುವವರು ಯೋಚಿಸಬೇಕು. ಅದೇ 40 ಮಿಗ್ರಾಂ ಅನ್ನು ಪಟ್ಟಿ ಬಿಗಿದ ಕೈಗೆ ಕೊಟ್ಟು, ಒಂದು ನಿಮಿಷ ಕಾದು, ಪಟ್ಟಿ ಬಿಚ್ಚಿ ಹಾಲುಬಿಳುಪಿನ ಔಷಧ ಬಿಟ್ಟರೆ ಖರ್ಚೇನೂ ಹೆಚ್ಚುವುದಿಲ್ಲ.

0.29 ಮತ್ತು 0.40 ಬಹುಪಾಲು ಬೇರೆಬೇರೆ ಪ್ರಯೋಗಗಳಿಂದ ಬಂದವು. ನೇರ ಪೈಪೋಟಿಯ ಫಲವೆಂದು ಓದುವಂತಿಲ್ಲ. ಬೆರೆಸಿದರೂ ಮೊದಲೇ ಕೊಟ್ಟರೂ ಫಲವುಂಟೆಂದು ಕಾಕ್ರೇನ್ ವಿಮರ್ಶೆಯೂ ಹೇಳುತ್ತದೆ. ಉರಿ ಕಡಿಮೆಯಿರುವ ಎಂಸಿಟಿ–ಎಲ್‌ಸಿಟಿ ಪ್ರೊಪೊಫಾಲ್ ಬಳಸಿದಾಗಲೂ ಪಟ್ಟಿಯ ಲಾಭ ಇಷ್ಟೇ ಉಳಿಯುತ್ತದೆಯೇ ಎಂಬುದನ್ನು ವೈದೇಹಿಯಂಥ ಬೋಧನಾ ಆಸ್ಪತ್ರೆ ಇಲ್ಲಿಯೇ ಪರೀಕ್ಷಿಸಬಹುದು. ಬಿಗಿದ ಪಟ್ಟಿಗೇ ಅಳುವ ಚಿಕ್ಕ ಮಕ್ಕಳಿಗೆ ಈ ವಾದವನ್ನು ನಾನು ವಿಸ್ತರಿಸುತ್ತಿಲ್ಲ.