ಎರಡು ಹಂತದ ಕಾಗದದ ರಾಕೆಟ್ಟು

ಕೆಲವು ವಸ್ತುಗಳು ತಮ್ಮ ಕೆಲಸವನ್ನು ಚೆನ್ನಾಗಿ ಮಾಡಿದುದರಿಂದಲೇ ಉಳಿಯದೆ ಹೋಗುತ್ತವೆ. 1960ರ ದಶಕದಲ್ಲಿ ಅಮೆರಿಕದ ಬಾಲಕರು ಹಾರಿಸಿದ ಎರಡು ಮತ್ತು ಮೂರು ಹಂತದ ಮಾದರಿ ರಾಕೆಟ್ಟುಗಳು ಅಂಥವು. ಕಾಗದದ ನಳಿಗೆ, ಬಾಲ್ಸಾ ಎಂಬ ಹಗುರವಾದ ಮರದ ರೆಕ್ಕೆಗಳು, ಬೆರಳುಗಾತ್ರದ ಮದ್ದಿನ ಎಂಜಿನ್ನುಗಳು — ಇಷ್ಟೇ ಅವುಗಳ ಸಾಮಗ್ರಿ. ಸರಿಯಾಗಿ ಹಾರದ ರಾಕೆಟ್ಟು ಹತ್ತಿರದಲ್ಲಿಯೇ ಬಿದ್ದು ಮನೆಯ ಅಟ್ಟವನ್ನು ಸೇರಿತು. ಚೆನ್ನಾಗಿ ಹಾರಿದ್ದು ಕಣ್ಣಿಗೆ ಕಾಣದಷ್ಟು ಮೇಲೇರಿ, ಗಾಳಿ ಬೀಸಿದ ಕಡೆಗೆ ತೇಲಿ, ಯಾರದೋ ಹೊಲದಲ್ಲಿ ಇಳಿದು, ಮಳೆಗೆ ನೆನೆದು ಮಣ್ಣಾಯಿತು. ಆದುದರಿಂದ ಅಂದಿನ ಬಾಲಕರು ಇಂದಿನ ಮುಪ್ಪಿನಲ್ಲಿ ಆ ರಾಕೆಟ್ಟನ್ನು ಮತ್ತೊಮ್ಮೆ ಕಾಣಬೇಕಾದರೆ ಹಳೆಯ ನಕ್ಷೆಯ ಹಾಳೆಯನ್ನು ಮುಂದಿಟ್ಟುಕೊಂಡು ಹೊಸದಾಗಿ ಕಟ್ಟಬೇಕು. ಅನೇಕರು ಕಟ್ಟುತ್ತಲೂ ಇದ್ದಾರೆ. ಆಟದ ಸಾಮಾನಿನ ಮೇಲಿನ ಮೋಹವೆಂದು ಇದನ್ನು ಕಂಡು ನಗಬಹುದು. ಆದರೆ ಆ ನಕ್ಷೆಯ ಹಿಂದೆ ನಗುವ ವಿಷಯವಲ್ಲದ ಒಂದು ಪ್ರಶ್ನೆಯಿದೆ: ಬೆಂಕಿಯ ವಿದ್ಯೆಯನ್ನು ಮಕ್ಕಳ ಕೈಗೆ ಕೊಡುವುದು ಹೇಗೆ?

1957ನೆಯ ಇಸವಿ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟವು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿತು. ಅದು ಕಳುಹಿಸುತ್ತಿದ್ದ ‘ಬೀಪ್ ಬೀಪ್’ ಸದ್ದನ್ನು ಜಗತ್ತಿನ ನಾನಾ ಕಡೆಯ ರೇಡಿಯೋ ಹವ್ಯಾಸಿಗಳು ತಮ್ಮ ಮನೆಗಳಲ್ಲಿ ಕುಳಿತು ಕೇಳಿದರು. ಅಮೆರಿಕದ ಹುಡುಗರಿಗೆ ರಾಕೆಟ್ಟಿನ ಹುಚ್ಚು ಹಿಡಿಯಿತು. ಆದರೆ ಅದನ್ನು ಮಾಡುವ ಬಗೆ ಹೇಳಿಕೊಡುವವರು ಹತ್ತಿರದಲ್ಲಿ ಇರಲಿಲ್ಲ. ಸಿಕ್ಕಿದ ಕಬ್ಬಿಣದ ಕೊಳವೆಗೆ ತಮಗೆ ತಿಳಿದಂತೆ ಕಲಸಿದ ಮದ್ದನ್ನು ಗಿಡಿದು ತುಂಬಿ, ಬತ್ತಿ ಹಚ್ಚಿ ಓಡಿದವರು ಎಷ್ಟೋ ಮಂದಿ. ಕೆಲವರ ಕೊಳವೆ ಹಾರಿತು. ಕೆಲವರದು ಅಲ್ಲಿಯೇ ಸಿಡಿಯಿತು. ಮದ್ದು ತುಂಬುತ್ತಿರುವಾಗಲೇ ಸಿಡಿದು ಬೆರಳು, ಕಣ್ಣು, ಪ್ರಾಣಗಳನ್ನು ಕಳೆದುಕೊಂಡವರೂ ಉಂಟು.

ಕಬ್ಬಿಣದ ನಳಿಗೆಯ ಗುಣ ನಮ್ಮ ನಾಡಿನವರಿಗೆ ಹೊಸದಲ್ಲ. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲದ ಮೈಸೂರಿನ ಬಾಣಗಳು ಹೆಸರಾದುದು ಅದರಿಂದಲೇ. ಕಾಗದದ ಅಥವಾ ಬಿದಿರಿನ ನಳಿಗೆಯಲ್ಲಿ ಮದ್ದಿನ ಒತ್ತಡ ಏರಿದರೆ ನಳಿಗೆ ಬೇಗನೆ ಒಡೆಯುತ್ತದೆ. ಕಬ್ಬಿಣವಾದರೆ ಹೆಚ್ಚು ಒತ್ತಡವನ್ನು ತಡೆದುಕೊಂಡು ಬಾಣವನ್ನು ದೂರಕ್ಕೆ ನೂಕುತ್ತದೆ. 1780ರ ಪೊಳ್ಳಿಲೂರಿನ ಕಾಳಗದಲ್ಲಿ ಇಂಗ್ಲಿಷರು ಅದರ ರುಚಿ ಕಂಡರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಬಾಣಗಳು ಇಂಗ್ಲೆಂಡಿಗೆ ಹೋದವು. ವಿಲಿಯಂ ಕಾಂಗ್ರೀವ್ ಅವುಗಳನ್ನು ನೋಡಿ ತನ್ನ ರಾಕೆಟ್ಟುಗಳನ್ನು ರೂಪಿಸಿದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಬಳಿ ಪಾಳುಬಾವಿಯೊಂದರ ಹೂಳು ತೆಗೆದಾಗ ಇಂಥ ಕಬ್ಬಿಣದ ಬಾಣಗಳು ಸಾವಿರಕ್ಕೂ ಮೇಲ್ಪಟ್ಟು ದೊರೆತವು. ಯುದ್ಧಕ್ಕೆ ಒಳ್ಳೆಯದಾದ ಈ ಗುಣವೇ ಹುಡುಗರ ಕೈಯಲ್ಲಿ ಮೃತ್ಯುವಾಯಿತು. ಕಾಗದ ಒಡೆದರೆ ಚಿಂದಿಯಾಗುತ್ತದೆ. ಕಬ್ಬಿಣ ಒಡೆದರೆ ಚೂರು ಚೂರೂ ಗುಂಡಾಗುತ್ತದೆ.

ಇದಕ್ಕೆ ಪರಿಹಾರ ಸಿಕ್ಕಿದ್ದು ಒಂದು ಪಾದರಕ್ಷೆಯ ಅಂಗಡಿಯಲ್ಲಿ. ಅಮೆರಿಕದ ನೆಬ್ರಾಸ್ಕ ಸಂಸ್ಥಾನದ ನಾರ್ಫೋಕ್ ಎಂಬ ಊರಿನಲ್ಲಿ ಆರ್ವಿಲ್ ಕಾರ್ಲೈಲ್ ಎಂಬವರು ಜೋಡುಗಳನ್ನು ಮಾರುತ್ತಿದ್ದರು. ಬಾಣಬಿರುಸುಗಳೆಂದರೆ ಅವರಿಗೆ ಪ್ರಾಣ. ಸಹೋದರ ರಾಬರ್ಟ್‌ಗೆ ಮಾದರಿ ವಿಮಾನಗಳ ಗೀಳು. ಒಬ್ಬರ ಮದ್ದು, ಇನ್ನೊಬ್ಬರ ಬಾಲ್ಸಾ ಮರ ಎರಡೂ ಕೂಡಿ 1954ರಲ್ಲಿ ಒಂದು ಪುಟ್ಟ ರಾಕೆಟ್ಟು ಸಿದ್ಧವಾಯಿತು. ಅದರಲ್ಲಿ ಲೋಹದ ನಳಿಗೆಯಿರಲಿಲ್ಲ. ಮೈಯೆಲ್ಲ ಕಾಗದ. ಎಂಜಿನ್ನು ಬೇರೆ, ರಾಕೆಟ್ಟು ಬೇರೆ. ಸುಟ್ಟುಹೋದ ಎಂಜಿನ್ನನ್ನು ತೆಗೆದು ಹೊಸದನ್ನು ಸಿಕ್ಕಿಸಿದರೆ ರಾಕೆಟ್ಟು ಮತ್ತೆ ಹಾರಲು ಸಿದ್ಧ. ತುತ್ತತುದಿ ಮುಟ್ಟಿದ ಮೇಲೆ ಅದು ಕೊಡೆ ಬಿಚ್ಚಿಕೊಂಡು ಮೆಲ್ಲಗೆ ಇಳಿಯುತ್ತಿತ್ತು. ಕಾರ್ಲೈಲರು ಅದಕ್ಕೆ ‘ರಾಕ್-ಎ-ಚೂಟ್’ ಎಂದು ಹೆಸರಿಟ್ಟರು. 1958ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು.

ಇದೇ ಸಮಯದಲ್ಲಿ ನ್ಯೂ ಮೆಕ್ಸಿಕೋ ಸಂಸ್ಥಾನದ ವೈಟ್ ಸ್ಯಾಂಡ್ಸ್ ಪರೀಕ್ಷಾ ಮೈದಾನದಲ್ಲಿ ದೊಡ್ಡ ರಾಕೆಟ್ಟುಗಳ ಕೆಲಸದಲ್ಲಿದ್ದ ಜಿ. ಹ್ಯಾರಿ ಸ್ಟೈನ್ ಎಂಬವರು ರಾಕೆಟ್ಟು ಉದ್ಯೋಗದಲ್ಲಿ ವಹಿಸಬೇಕಾದ ಎಚ್ಚರಿಕೆಯ ಬಗ್ಗೆ ಒಂದು ಮಾಸಪತ್ರಿಕೆಗೆ ಲೇಖನ ಬರೆದರು. ಅದನ್ನು ಓದಿದ ಕಾರ್ಲೈಲರು 1957ರ ಆರಂಭದಲ್ಲಿ ಅವರಿಗೆ ಪತ್ರ ಬರೆದು ತಮ್ಮ ರಾಕೆಟ್ಟಿನ ಮಾದರಿಗಳನ್ನು ಕಳುಹಿಸಿಕೊಟ್ಟರು. ಹುಡುಗರಿಗೆ ಬೇಕಾದುದು ಇದೇ ಎಂದು ಸ್ಟೈನರಿಗೆ ಹೊಳೆಯಿತು. ಅದೇ ವರ್ಷ ಡೆನ್ವರ್ ನಗರದಲ್ಲಿ ಒಂದು ಕಂಪನಿ ಹುಟ್ಟಿತು. ಹವ್ಯಾಸಿಗಳ ಸಂಘವೂ ಹುಟ್ಟಿತು. ಸಂಘವು ನಿಯಮಗಳನ್ನು ಬರೆಯಿತು: ರಾಕೆಟ್ಟಿನ ಮೈ ಕಾಗದ, ಮರ, ಪ್ಲಾಸ್ಟಿಕ್‌ಗಳದೇ ಆಗಿರಬೇಕು, ಮದ್ದನ್ನು ಯಾರೂ ಮನೆಯಲ್ಲಿ ತುಂಬಕೂಡದು, ಕಾರ್ಖಾನೆಯ ಎಂಜಿನ್ನನ್ನೇ ಬಳಸಬೇಕು, ಬತ್ತಿ ಹಚ್ಚುವ ಬದಲು ದೂರದಿಂದ ವಿದ್ಯುತ್ತಿನಿಂದಲೇ ಕಿಡಿ ಕೊಡಬೇಕು. ಎಂಜಿನ್ನುಗಳಿಗೆ ಬೇಡಿಕೆ ಹೆಚ್ಚಿದಾಗ ವರ್ನನ್ ಎಸ್ಟಿಸ್ ಎಂಬ ತರುಣರು ಮದ್ದನ್ನು ಅಳೆದು ಒತ್ತುವ ಒಂದು ಸ್ವಯಂಚಾಲಿತ ಯಂತ್ರವನ್ನು ಕಟ್ಟಿದರು. 1959ರಲ್ಲಿ ಕೆಲಸಕ್ಕೆ ತೊಡಗಿದ ಆ ಯಂತ್ರದ ಮುದ್ದಿನ ಹೆಸರು ‘ಮೇಬಲ್’. ಮುಂದೆ ಎಸ್ಟಿಸರ ಕಂಪನಿಯಿಂದಲೇ ರಾಕೆಟ್ಟಿನ ಬಿಡಿಭಾಗಗಳ ಪೊಟ್ಟಣಗಳು ಅಂಚೆಯ ಮೂಲಕ ಊರೂರಿನ ಹುಡುಗರ ಮನೆ ತಲುಪಿದವು.

ಹುಡುಗರ ಆಸೆ ಒಂದು ಹಂತಕ್ಕೆ ನಿಲ್ಲಲಿಲ್ಲ. ದೊಡ್ಡ ರಾಕೆಟ್ಟುಗಳಿಗೆ ಹಂತಗಳಿದ್ದರೆ ತಮ್ಮವಕ್ಕೆ ಏಕೆ ಬೇಡ? ದೂರದ ದಾರಿ ಹಿಡಿದವನು ನೀರು ಮುಗಿದ ಕೊಡವನ್ನು ಹೊತ್ತು ನಡೆಯುವುದಿಲ್ಲ. ಮದ್ದು ತೀರಿದ ಭಾಗವನ್ನು ಕೆಳಗೆ ಬಿಟ್ಟರೆ ಉಳಿದ ಭಾಗ ಹಗುರವಾಗಿ ಮೇಲೇರುತ್ತದೆ. ಈ ಯೋಚನೆ ಬಹಳ ಹಳೆಯದು. ಈಗ ರುಮೇನಿಯದಲ್ಲಿರುವ ಸಿಬಿಯು ನಗರದ ಆಯುಧಶಾಲೆಯ ಅಧಿಕಾರಿ ಕಾನ್ರಾಡ್ ಹಾಸ್ ಎಂಬವನು 16ನೆಯ ಶತಮಾನದಲ್ಲಿ ಬರೆದ ಹಸ್ತಪ್ರತಿಯಲ್ಲಿ ಎರಡು, ಮೂರು ಹಂತದ ಬಾಣಗಳ ಚಿತ್ರಗಳಿವೆ. ಆ ಹಸ್ತಪ್ರತಿ 1961ರಲ್ಲಿ ಬೆಳಕಿಗೆ ಬಂದಿತು. ಬಾಣಗಳ ವಿವರವನ್ನೆಲ್ಲ ಹೇಳಿ ಮುಗಿಸಿದ ಮೇಲೆ ಆ ಆಯುಧಶಾಲೆಯವನು ಕೊಡುವ ಬುದ್ಧಿವಾದವೆಂದರೆ, ಯುದ್ಧಕ್ಕಿಂತ ಶಾಂತಿಯೇ ಮೇಲು ಎಂಬುದು. ನಮ್ಮ ಕಾಲಕ್ಕೆ ಬಂದರೆ, 1949ರ ಫೆಬ್ರವರಿ 24ರಂದು ವೈಟ್ ಸ್ಯಾಂಡ್ಸಿನಲ್ಲಿ ಜರ್ಮನರ ವಿ-2 ರಾಕೆಟ್ಟಿನ ತಲೆಯ ಮೇಲೆ ಇನ್ನೊಂದು ಸಣ್ಣ ರಾಕೆಟ್ಟನ್ನು ಕೂರಿಸಿ ಹಾರಿಸಿದರು. ಮೇಲಿನದು 393 ಕಿಲೋಮೀಟರ್ ಎತ್ತರ ಮುಟ್ಟಿತು.

ಆದರೆ ಮಾದರಿ ರಾಕೆಟ್ಟಿನಲ್ಲಿ ಒಂದು ತೊಡಕಿದೆ. ಮೇಲಿನ ಹಂತಕ್ಕೆ ಆಕಾಶದಲ್ಲಿ ಬೆಂಕಿ ಹಚ್ಚುವವರು ಯಾರು? ಉತ್ತರ ಸರಳವಾಗಿದೆ. ಸಾಮಾನ್ಯ ಎಂಜಿನ್ನಿನ ದಪ್ಪ ಕಾಗದದ ನಳಿಗೆಯೊಳಗೆ ಕೆಳಗಿನಿಂದ ಮೇಲಕ್ಕೆ ನಾಲ್ಕು ಪದರಗಳಿರುತ್ತವೆ: ಜೇಡಿಮಣ್ಣಿನ ಬಾಯಿ, ನೂಕುವ ಕರಿಮದ್ದು, ಹೊಗೆಯುಗುಳುತ್ತ ನಿಧಾನವಾಗಿ ಉರಿಯುವ ಮದ್ದು, ಕೊನೆಗೆ ಕೊಡೆಯನ್ನು ಹೊರಕ್ಕೆ ತಳ್ಳುವ ಮದ್ದು. ಕೆಳಹಂತದ ಎಂಜಿನ್ನಿನಲ್ಲಿ ಕೊನೆಯ ಎರಡು ಪದರಗಳನ್ನು ಬಿಟ್ಟುಬಿಟ್ಟರು. ಎರಡು ಎಂಜಿನ್ನುಗಳನ್ನು ಒಂದರ ತಲೆಗೆ ಇನ್ನೊಂದರ ಬಾಯಿ ತಗಲುವಂತೆ ಇಟ್ಟು ಅಂಟುಪಟ್ಟಿ ಸುತ್ತುತ್ತಾರೆ. ಕೆಳಗಿನ ಮದ್ದು ಉರಿದು ತುದಿ ಮುಟ್ಟಿದೊಡನೆ ಬಿಸಿ ಅನಿಲವೂ ಕೆಂಡದ ಕಣಗಳೂ ಮೇಲಿನದರ ಬಾಯಿಯೊಳಗೆ ನುಗ್ಗಿ ಅದನ್ನು ಹೊತ್ತಿಸುತ್ತವೆ. ಆ ಒತ್ತಡಕ್ಕೇ ಅಂಟುಪಟ್ಟಿ ಬಿಟ್ಟು ಎರಡು ಹಂತಗಳೂ ಬೇರೆಯಾಗುತ್ತವೆ. ಎಂಜಿನ್ನಿನ ಮೇಲೆ ಮುದ್ರಿಸಿದ ಗುರುತಿನಲ್ಲಿಯೇ ಇದೆಲ್ಲ ಅಡಗಿದೆ. ಈಗಿನ ಕ್ರಮದಂತೆ ‘ಬಿ6-0’ ಎಂದರೆ, ‘ಬಿ’ ಒಟ್ಟು ಶಕ್ತಿಯ ದರ್ಜೆ, 6 ಸರಾಸರಿ ನೂಕುಬಲ ನ್ಯೂಟನ್‌ಗಳಲ್ಲಿ, ಸೊನ್ನೆ ಎಂದರೆ ತಡವಿಲ್ಲದೆ ಬೆಂಕಿ ಮೇಲೇರುತ್ತದೆ ಎಂದು. ಮೇಲಿನದು ‘ಸಿ6-7’ ಆದರೆ, ಮದ್ದು ಮುಗಿದ 7 ಸೆಕೆಂಡುಗಳ ಬಳಿಕ ಕೊಡೆ ಹೊರಬರುತ್ತದೆ.

ಹಳೆಯ ನಕ್ಷೆಯಂತೆ ಕಟ್ಟಲು ಕುಳಿತವನಿಗೆ ಮೊದಲು ಕಣ್ಣಿಗೆ ಬೀಳುವುದು ಕೆಳಹಂತದ ದೊಡ್ಡ ರೆಕ್ಕೆಗಳು. ಇವು ಅಂದಕ್ಕಾಗಿ ಇಟ್ಟವಲ್ಲ. ರಾಕೆಟ್ಟು ನೆಟ್ಟಗೆ ಹಾರಬೇಕಾದರೆ ಅದರ ತೂಕದ ಕೇಂದ್ರ ಮುಂದಿರಬೇಕು, ಗಾಳಿಯ ಒತ್ತಡದ ಕೇಂದ್ರ ಹಿಂದಿರಬೇಕು. ಎರಡು ಎಂಜಿನ್ನುಗಳು ಬಾಲದ ಕಡೆ ಸೇರಿದರೆ ತೂಕ ಹಿಂದಕ್ಕೆ ಸರಿಯುತ್ತದೆ. ಅದಕ್ಕೆ ತಕ್ಕಂತೆ ಹಿಂದಿನ ರೆಕ್ಕೆಗಳು ಹಿಗ್ಗಲೇಬೇಕು. ಒತ್ತಡದ ಕೇಂದ್ರವನ್ನು ಲೆಕ್ಕದಿಂದ ಕಂಡುಹಿಡಿಯುವ ಸುಲಭ ಕ್ರಮವನ್ನು ಜೇಮ್ಸ್ ಬ್ಯಾರೋಮನ್ ಹವ್ಯಾಸಿಗಳ ಮುಂದಿಟ್ಟದ್ದು 1966ರಲ್ಲಿ. ಅದಕ್ಕೆ ಮುಂಚೆ ರಾಕೆಟ್ಟಿನ ಪಕ್ಕನೋಟದ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ, ಅದು ಅಲಗಿನ ಮೇಲೆ ಎಲ್ಲಿ ತೂಗಿ ನಿಲ್ಲುತ್ತದೆಂದು ನೋಡುತ್ತಿದ್ದರು. ಅಥವಾ ರಾಕೆಟ್ಟಿನ ನಡುವಿಗೆ ದಾರ ಕಟ್ಟಿ ಕವಣೆಯಂತೆ ತಲೆಯ ಸುತ್ತ ತಿರುಗಿಸಿ, ಮೂತಿ ಮುಂದಾಗಿ ಓಡುತ್ತದೆಯೇ ಎಂದು ಪರೀಕ್ಷಿಸುತ್ತಿದ್ದರು. ರಟ್ಟಿನ ಕ್ರಮ ಒರಟಾದುದು. ಅದರ ಮಾತು ಕೇಳಿದರೆ ರೆಕ್ಕೆ ನಿಜವಾಗಿ ಬೇಕಾದುದಕ್ಕಿಂತ ದೊಡ್ಡದಾಗುತ್ತದೆ. ಒರಟಾದರೂ ತಪ್ಪು ಸುರಕ್ಷತೆಯ ಕಡೆಗೇ ವಾಲಿತ್ತು.

ಉಳಿದ ಕೆಲಸಕ್ಕೆ ತಾಳ್ಮೆಯೇ ಬಂಡವಾಳ. ಬಾಲ್ಸಾ ಹಲಗೆಯ ಎಳೆ ರೆಕ್ಕೆಯ ಮುಂದಿನ ಅಂಚಿನ ಉದ್ದಕ್ಕೆ ಹೋಗುವಂತೆ ಕತ್ತರಿಸಬೇಕು. ಅಡ್ಡಲಾಗಿ ಕತ್ತರಿಸಿದರೆ ರೆಕ್ಕೆ ಹಾರಾಟದಲ್ಲಿಯೇ ಮುರಿಯುತ್ತದೆ. ಬುಡಕ್ಕೆ ಅಂಟು ಸವರಿ ಒಣಗಿಸಿ, ಮತ್ತೆ ಸವರಬೇಕು. ಮರದ ರಂಧ್ರಗಳನ್ನು ತುಂಬಿ ಉಜ್ಜಿ ನುಣುಪು ಮಾಡಬೇಕು. ಎರಡು ಹಂತಗಳ ಸೇರುವೆ ಬಿಗಿಯಾದರೆ ಬೇರ್ಪಡೆ ಕೆಡುತ್ತದೆ. ಸಡಿಲವಾದರೆ ರಾಕೆಟ್ಟು ನಡುವೆ ಬಳುಕುತ್ತದೆ. ಕೊಡೆಯ ಕೆಳಗೆ ಬೆಂಕಿ ಹತ್ತದ ಕಾಗದವನ್ನು ತುರುಕುವುದನ್ನು ಮರೆತರೆ ಕೊಡೆಯೇ ಕರಗಿಹೋಗುತ್ತದೆ.

ಹಾರಿಸಲು ಗಾಳಿಯಿಲ್ಲದ ಬೆಳಗು, ವಿಶಾಲವಾದ ಬಯಲು ಬೇಕು. ಎರಡು ಹಂತದ ರಾಕೆಟ್ಟಿಗೆ ಇದು ಇನ್ನೂ ಮುಖ್ಯ. ಗಾಳಿಗೆ ರಾಕೆಟ್ಟು ಓರೆಯಾದ ಹೊತ್ತಿನಲ್ಲಿ ಎರಡನೆಯ ಹಂತ ಹೊತ್ತಿದರೆ, ಅದು ಮೇಲೇರದೆ ಅಡ್ಡಲಾಗಿ ಓಡುತ್ತದೆ. ನೆಟ್ಟ ಲೋಹದ ಕಡ್ಡಿಗೆ ರಾಕೆಟ್ಟನ್ನು ಪೋಣಿಸಿ, 5 ಮೀಟರಿನಾಚೆ ನಿಂತು, ಐದರಿಂದ ಹಿಂದಕ್ಕೆ ಎಣಿಸಿ ಗುಂಡಿ ಒತ್ತುತ್ತಾರೆ. ‘ಬಿ’ ದರ್ಜೆಯ ಮದ್ದು ಒಂದು ಸೆಕೆಂಡಿನೊಳಗೆ ತೀರುತ್ತದೆ. ಮೇಲೆ ಎರಡನೆಯ ಹೊಗೆ ಕಾಣಿಸಿಕೊಂಡಾಗ ಕೆಳಹಂತ ಪಲ್ಟಿ ಹೊಡೆಯುತ್ತ ನೆಲಕ್ಕೆ ಬೀಳುತ್ತದೆ. ಅದರ ಮೈ ಅಷ್ಟು ಹಗುರವಾದುದರಿಂದ ಅದಕ್ಕೆ ಕೊಡೆಯೂ ಬೇಕಾಗುವುದಿಲ್ಲ. ಮೇಲ್ಹಂತ ಬಿಳಿಯ ಗೆರೆಯಾಗಿ, ಚುಕ್ಕೆಯಾಗಿ, ಕಣ್ಣಿಗೆ ಕಾಣದಾಗುತ್ತದೆ.

ಅರುವತ್ತು ವರ್ಷಗಳ ಹಿಂದಿನ ನಕ್ಷೆ ಸರಿಯೆಂದು ಆಗ ಗೊತ್ತಾಗುತ್ತದೆ. ನಳಿಗೆಗೆ ಕಾಗದವನ್ನೇ ಆರಿಸಿದುದು, ಬೆಂಕಿಯ ಹಸ್ತಾಂತರವನ್ನು ಮನುಷ್ಯನ ಕೈಯಿಂದ ದೂರವಿಟ್ಟುದು, ಮದ್ದನ್ನು ತುಂಬುವ ಕೆಲಸ ಯಂತ್ರದ ಪಾಲಾದುದು, ಇವೆಲ್ಲ ಒಂದೇ ಪ್ರಶ್ನೆಗೆ ದೊರೆತ ಉತ್ತರಗಳು. ಹುಡುಗರಿಗೆ ‘ಬೇಡ’ ಎಂದು ಹೇಳಿ ಸುಮ್ಮನಾಗುವುದು ಹಿರಿಯರಿಗೆ ಸುಲಭವಾಗಿತ್ತು. ಒಬ್ಬ ಜೋಡಿನ ವ್ಯಾಪಾರಿ, ಒಬ್ಬ ಎಂಜಿನಿಯರು, ಒಬ್ಬ ಯಂತ್ರ ಕಟ್ಟುವವನು ಹಾಗೆ ಸುಮ್ಮನಾಗಲಿಲ್ಲ. ಮೇಲ್ಹಂತ ಈ ಸಲವೂ ಸಿಗದೆ ಹೋಗಬಹುದು. ಹೋದರೆ ಹೋಗಲಿ, ನಕ್ಷೆಯಿದೆ. ಅಂದು ಅದನ್ನು ಮೊದಲು ಹಾರಿಸಿದ ಹುಡುಗನ ಹತ್ತು ಬೆರಳುಗಳೂ ಇನ್ನೊಮ್ಮೆ ಕಟ್ಟಲು ಉಳಿದಿವೆ.