ಡಬ್ಬಿ ಮೇಲೆ 300 ವಾಟ್, ಟೇಪಿನೊಳಗೆ 18: ಕಾರಿನ ಸ್ಪೀಕರ್ ಕಥೆ

ಇವತ್ತಿನ ಮಾತು ಕಾರಿನ ಬ್ಲೂಟೂತ್‌ಗೆ ಹಚ್ಚಿ ಕೇಳ್ತಿರೋರಿಗೆ ಸ್ವಲ್ಪ ಹೆಚ್ಚು ತಾಗುತ್ತೆ.

ರಾಣೆಬೆನ್ನೂರಿನಲ್ಲಿ ನಾನೊಂದು ಸೆಕೆಂಡ್ ಹ್ಯಾಂಡ್ ಕಾರ್ ತಗೊಂಡೆ. ಕಂಪನಿಯಿಂದಲೇ ಬಂದ ಸ್ಟೀರಿಯೊ ಚೆನ್ನಾಗಿತ್ತು, ಬಾಗಿಲಿನ ಸ್ಪೀಕರ್ ಮಾತ್ರ ಹರಿದಿತ್ತು. ಅಂಗಡಿಯಿಂದ ‘300 ವಾಟ್’ ಅಂತ ದಪ್ಪಕ್ಷರದಲ್ಲಿ ಬರೆದಿದ್ದ ಜೊತೆ ತಂದೆ. ವೈರಿಂಗ್ ಮಾಡೋ ಕಾಕಾ ಡಬ್ಬಿ ತಿರುಗಿಸಿ ನೋಡಿ, “ತಮ್ಮಾ, ಸ್ಪೀಕರ್ ಚಲೋ ಅದಾವು. ಆದ್ರ ನಿನ್ನ ಟೇಪಿಗೆ ಇವನ್ನ ದುಡಿಸೋ ತಾಕತ್ತಿಲ್ಲ” ಅಂದ್ರು. ನಾನು ಕೇಳಲಿಲ್ಲ. ಕೂಡಿಸಿದ ಮೇಲೆ ನೋಡಿದ್ರೆ ಸಪ್ಪಳ ಮೊದಲಿಗಿಂತ ಕಡಿಮೆ!

ಅಂದಹಾಗೆ, ನಮ್ಮ ಕಡೆ ಕಾರಿನ ಸ್ಟೀರಿಯೊಗೆ ಇವತ್ತಿಗೂ ‘ಟೇಪ್’ ಅಂತಾನೇ ಅನ್ನೋದು. ಕ್ಯಾಸೆಟ್ ಹೋಗಿ ಎಷ್ಟೋ ವರ್ಷ ಆಯ್ತು, ಹೆಸರು ಉಳೀತು. ಕಾಕಾ ಹೇಳಿದ ಮಾತಿನ ಹಿಂದೆ ಇರೋ ಇತಿಹಾಸವೂ ಹಾಗೇ, ಡ್ಯಾಶ್‌ಬೋರ್ಡಿನೊಳಗೆ ಉಳಿದುಕೊಂಡಿದೆ.

1930ರಲ್ಲಿ ಅಮೆರಿಕದ ಗ್ಯಾಲ್ವಿನ್ ಕಂಪನಿ ‘ಮೊಟೊರೋಲಾ’ ಅನ್ನೋ ಹೆಸರಲ್ಲಿ ಕಾರ್ ರೇಡಿಯೊ ಮಾರೋಕೆ ಶುರು ಮಾಡ್ತು. ಆಗಿನ ವಾಲ್ವ್ ಸೆಟ್ಟಿಗೆ ನೂರಕ್ಕೂ ಹೆಚ್ಚು ವೋಲ್ಟ್ ಬೇಕು. ಸೆಟ್ಟಿಗೂ ಸ್ಪೀಕರಿಗೂ ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಕೂತು ಇಬ್ಬರಿಗೂ ಹೊಂದಾಣಿಕೆ ಮಾಡ್ತಿತ್ತು. ಟ್ರಾನ್ಸಿಸ್ಟರ್ ಬಂದ ಮೇಲೆ ಆ ಮಧ್ಯವರ್ತಿ ಹೋಯ್ತು. ಉಳಿದದ್ದು ಬರೀ 12 ವೋಲ್ಟಿನ ಬ್ಯಾಟರಿ.

ಇಲ್ಲೇ ಲೆಕ್ಕ ಇರೋದು. ಹಳೇ ಸರಳ ಸರ್ಕ್ಯೂಟಿನಲ್ಲಿ 12 ವೋಲ್ಟಿನಿಂದ 8 ಓಮ್ ಸ್ಪೀಕರಿಗೆ ಹೆಚ್ಚೆಂದರೆ ಎರಡೂ ಕಾಲು ವಾಟ್ ಹೋಗುತ್ತೆ, 4 ಓಮ್ ಆದ್ರೆ ನಾಲ್ಕೂವರೆ. ಮನೆಯ ಸ್ಪೀಕರ್ ಸಾಮಾನ್ಯವಾಗಿ 8 ಓಮ್, ಕಾರಿನದು 4 ಓಮ್ ಆಗಿರೋದಕ್ಕೆ ಇದೇ ಕಾರಣ.

ನಮ್ಮ ಕಡೆಯ ಕಾರುಗಳಲ್ಲಿ ಮೊದಲು ಕೇಳಿದ್ದು ರೇಡಿಯೊ. ಧಾರವಾಡ ಆಕಾಶವಾಣಿ ಶುರುವಾಗಿದ್ದು 1950ರ ಜನವರಿ 8ಕ್ಕೆ. ರೇಡಿಯೊ ಇಟ್ಟುಕೊಳ್ಳೋಕೂ ಆಗ ಲೈಸೆನ್ಸ್ ಬೇಕಿತ್ತು, ಈಗ ಹೇಳಿದ್ರೆ ಯಾರೂ ನಂಬಲ್ಲ. ಆಮೇಲೆ ಫಿಲಿಪ್ಸ್ 1963ರಲ್ಲಿ ತೋರಿಸಿದ್ದ ಕ್ಯಾಸೆಟ್ಟಿನ ಕಾಲ ಬಂತು. 1983ರ ಕೊನೆಗೆ ಮಾರುತಿ 800 ಬಂತು. ಟೇಪು, ಸ್ಪೀಕರು ಎರಡನ್ನೂ ಹೊರಗೆ ಹಾಕಿಸೋದು ಆಗಿನ ರೂಢಿ. ಹಾಗಾಗಿ ಒಬ್ಬನೇ ಮೆಕ್ಯಾನಿಕ್ ಎರಡನ್ನೂ ನೋಡಿ ಜೋಡಿ ಮಾಡ್ತಿದ್ದ. ನಮ್ಮ ಜಿಲ್ಲೆಯ ಶಿಶುನಾಳ ಶರೀಫರ ಪದಗಳನ್ನ ಸಿ. ಅಶ್ವಥ್ ಧ್ವನಿಯಲ್ಲಿ ಎಷ್ಟು ಜನ ಹಿಂದಿನ ಸೀಟಿನಲ್ಲಿ ಕೂತು ಕೇಳಿಲ್ಲ!

ಆ ಕಾಲದ ಇನ್ನೊಂದು ಅಭ್ಯಾಸ: ಸ್ಪೀಕರಿನ ಒಂದು ವೈರನ್ನ ಗಾಡಿಯ ಬಾಡಿಗೇ ಅರ್ಥ್ ಕೊಡೋದು. ವೈರ್ ಉಳೀತಿತ್ತು, ಹಾಡೂ ಬರ್ತಿತ್ತು. ಆಮೇಲೆ ಬ್ರಿಡ್ಜ್ ಆಂಪ್ಲಿಫೈಯರ್ ಬಂತು. ಇದು ಸ್ಪೀಕರಿನ ಎರಡೂ ತುದಿಯನ್ನ ಎದುರುಬದುರು ತಳ್ಳುತ್ತೆ, ಹೀಗಾಗಿ ಅದೇ 12 ವೋಲ್ಟಿನಲ್ಲಿ ನಾಲ್ಕೂವರೆ ವಾಟ್ ಇದ್ದದ್ದು 18 ಆಗುತ್ತೆ. ಇಂಜಿನ್ ಓಡ್ತಿದ್ದಾಗ ಸ್ವಲ್ಪ ಜಾಸ್ತಿ. ಈಗ ಯಾವ ವೈರನ್ನೂ ಬಾಡಿಗೆ ತಾಗಿಸಂಗಿಲ್ಲ. ಹಳೇ ಅಭ್ಯಾಸದ ಕೈ ಹೊಸ ಸೆಟ್ಟಿಗೆ ಅರ್ಥ್ ಕೊಟ್ಟರೆ ಐಸಿ ಸುಟ್ಟಂತೆಯೇ. ಇನ್ನು ಸೆಟ್ ಮೇಲೆ ‘50 ವಾಟ್ × 4’ ಅಂತ ಬರೆದಿರ್ತಾರಲ್ಲ, ಅದು ಕ್ಷಣಮಾತ್ರದ ಲೆಕ್ಕ. ಮದುವೆ ಊಟಕ್ಕೆ ಸಾವಿರ ಜನ ಅಂತ ಹೇಳಿದ ಹಾಗೆ.

ಮುಂದೆ 2005ರಲ್ಲಿ ಸ್ವಿಫ್ಟ್ ಬಂತು. ಅಂಥ ಕಾರುಗಳ ಮೇಲಿನ ಮಾಡೆಲ್‌ಗಳಲ್ಲಿ ಸ್ಟೀರಿಯೊ ಡ್ಯಾಶ್‌ಬೋರ್ಡಿನ ಭಾಗವೇ ಆಯ್ತು. 180 × 50 ಮಿಲಿಮೀಟರಿನ ಆ ಹಳೇ ಕಿಂಡಿಯಿಂದ ಸೆಟ್ ಎಳೆದು ಬೇರೆ ತುರುಕೋ ಆಟ ಮುಗೀತು. ಸ್ಟೇರಿಂಗ್ ಮೇಲಿನ ಬಟನ್, ಈಗೀಗ ರಿವರ್ಸ್ ಕ್ಯಾಮೆರಾ, ಎಲ್ಲಾ ಅದಕ್ಕೇ ಗಂಟು. ಅದಕ್ಕೇ ಈಗಿನವರು ಸೆಟ್ ಬಿಟ್ಟು ಬರೀ ಸ್ಪೀಕರ್ ಬದಲಿಸ್ತಾರೆ. ಜೋಡಿ ಕೂಡದೇ ಇರೋದು ಇಲ್ಲೇ.

ಡಬ್ಬಿ ಮೇಲಿನ 300 ವಾಟ್ ಅನ್ನೋದು ಸ್ಪೀಕರ್ ಎಷ್ಟು ತಡೆದುಕೊಳ್ಳುತ್ತೆ ಅನ್ನೋ ಮಾತು, ಎಷ್ಟು ಜೋರಾಗಿ ಹಾಡುತ್ತೆ ಅಂತಲ್ಲ. ಅದೂ ಎಷ್ಟೋ ಸಲ ಕ್ಷಣಮಾತ್ರದ್ದೇ. ನೋಡಬೇಕಾದ ಅಂಕಿ ಸೆನ್ಸಿಟಿವಿಟಿ: ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್. ಮೂರು ಡೆಸಿಬೆಲ್ ವ್ಯತ್ಯಾಸ ಅಂದ್ರೆ ವಾಟಿನಲ್ಲಿ ದುಪ್ಪಟ್ಟು. 87ರ ಸ್ಪೀಕರ್ 18 ವಾಟ್ ತಿಂದು ಕೊಡೋ ಸಪ್ಪಳವನ್ನ 90ರದ್ದು ಒಂಬತ್ತರಲ್ಲೇ ಕೊಡುತ್ತೆ. ಕಂಪನಿ ಸ್ಪೀಕರಿನ ಕಾಗದದ ಕೋನ್ ಅಗ್ಗದ್ದು ಅಂತ ನಾವು ನಗ್ತೀವಿ, ಆದ್ರೆ ಹಗುರ ಇರೋದರಿಂದ ಕಡಿಮೆ ವಾಟಿಗೇ ಅಲುಗುತ್ತೆ. ನಾನು ತಂದ ಜೊತೆಯ ಕೋನ್ ಭಾರ.

ಸಪ್ಪಳ ಸಾಲ್ದು ಅಂತ ಒಂದೇ ವೈರಿಗೆ ಎರಡು 4 ಓಮ್ ಸ್ಪೀಕರ್ ಪ್ಯಾರಲಲ್ ಹಾಕೋರೂ ಇದ್ದಾರೆ. ಆಗ ಅದು 2 ಓಮ್ ಆಗಿ ಕರೆಂಟ್ ದುಪ್ಪಟ್ಟು ಹರಿದು ಸೆಟ್ ಬಿಸಿಯಾಗುತ್ತೆ. ಕಂಪನಿ ಸೆಟ್ ಸುಟ್ಟರೆ ಕ್ಯಾಮೆರಾ, ಬಟನ್ ಎಲ್ಲಾ ಹೋಯ್ತು. ಬ್ರ್ಯಾಂಡೆಡ್ ಸೌಂಡ್ ಇರೋ ಕೆಲವು ಕಾರಲ್ಲಿ ಮೂಲ ಸ್ಪೀಕರೇ 2 ಓಮ್ ಇರುತ್ತೆ. ಅಲ್ಲಿ 4 ಓಮ್ ಹಾಕಿದ್ರೆ ದನಿ ಕುಗ್ಗುತ್ತೆ. ಹಳೇದನ್ನ ಬಿಚ್ಚಿ ಹಿಂದೆ ಬರೆದದ್ದು ಓದಿ, ಆಮೇಲೆ ಅಂಗಡಿಗೆ ಹೋಗಿ. ಮ್ಯಾಗ್ನೆಟ್ಟಿನ ಆಳಾನೂ ಅಳೀರಿ, ಇಲ್ಲಾಂದ್ರೆ ಗ್ಲಾಸ್ ಇಳಿಸಿದಾಗ ಬಡಿಯುತ್ತೆ.

ಕೊನೆಗೆ ಕಾಕಾ ನನ್ನ ಕಾರಿಗೆ ಹಾಕಿದ್ದು 4 ಓಮಿನ, 90 ಡೆಸಿಬೆಲ್ಲಿನ, ಡಬ್ಬಿ ಮೇಲೆ ದೊಡ್ಡ ಅಂಕಿಯೇ ಇಲ್ಲದ ಒಂದು ಜೊತೆ. ಆ 300 ವಾಟಿನವು ಈಗ ಬ್ಯಾಡಗಿ ಹತ್ತಿರದ ಹಳ್ಳಿಯಲ್ಲಿ ನಮ್ಮಣ್ಣನ ಟ್ರ್ಯಾಕ್ಟರಿನ ಮೇಲಿವೆ, ಬೇರೆ ಆಂಪ್ಲಿಫೈಯರ್ ಜೊತೆ. ಮೆಣಸಿನಕಾಯಿ ಹೇರ್ಕೊಂಡು ಮಾರ್ಕೆಟ್ಟಿಗೆ ಹೊರಟ್ರೆ ಟ್ರ್ಯಾಕ್ಟರ್ ಕಾಣೋಕೆ ಮುಂಚೆ ಹಾಡು ಕೇಳಿಸುತ್ತೆ.