ಬಸ್ಸಿಗೊಂದು ಬೀದಿ

ನಮ್ಮ ದೇವಸ್ಥಾನದ ಊರುಗಳಲ್ಲಿ ರಥಬೀದಿಯೆಂಬುದೊಂದು ಇರುತ್ತದೆ. ಅದರ ಅಗಲ ತೇರನ್ನೂ ತೇರೆಳೆಯುವ ಜನಸಂದಣಿಯನ್ನೂ ನೋಡಿ ಆದದ್ದು. ಆ ಬೀದಿಯ ಸಾಹುಕಾರನ ಸಾರೋಟಿಗಾಗಿ ಆದದ್ದಲ್ಲ. ಹತ್ತು ಜನ ಕೂಡಿ ಹೋಗುವುದಕ್ಕೆ ಬೀದಿ ಮೊದಲು ದಾರಿ ಕೊಡಬೇಕೆಂಬ ಮಾತು ನಮಗೆ ಹೊಸತೇನೂ ಅಲ್ಲ. ಆದರೂ ನಮ್ಮ ದೇಶದ ರಾಜಧಾನಿ ಈ ಮಾತನ್ನು ಎಂಟು ವರ್ಷ ಪರೀಕ್ಷಿಸಿ ಕೈಬಿಟ್ಟಿತು.

ಈ ಏರ್ಪಾಡಿಗೆ ಹೆಸರು ತಂದುಕೊಟ್ಟದ್ದು ಬ್ರೆಜಿಲ್ ದೇಶದ ಕುರಿಟಿಬಾ ನಗರ. ನೆಲದಡಿಯ ರೈಲಿಗೆ ಸುರಿಯುವಷ್ಟು ಹಣ ಆ ಊರಿಗೆ ಇರಲಿಲ್ಲ. ವಾಸ್ತುಶಿಲ್ಪಿಯಾಗಿದ್ದ ಮೇಯರ್ ಜೈಮೆ ಲೆರ್ನರ್ ಅವರ ಕಾಲದಲ್ಲಿ, 1974ರಲ್ಲಿ, ಅಲ್ಲಿ ಬಸ್ಸುಗಳಿಗೆಂದೇ ಬೇರೆ ಪಥ ತೆರೆಯಿತು. 1991ರಲ್ಲಿ ಕೊಳವೆಯಾಕಾರದ ನಿಲ್ದಾಣಗಳು ಬಂದವು: ಟಿಕೆಟ್ಟಿನ ಹಣ ಮೊದಲೇ ಕೊಟ್ಟು ಒಳಹೋಗುವುದು, ಬಸ್ಸಿನ ನೆಲದ ಮಟ್ಟದಲ್ಲೇ ನಿಂತು, ಮೆಟ್ಟಿಲಿಲ್ಲದೆ ಹತ್ತುವುದು. 2000ದ ಕೊನೆಯಲ್ಲಿ ಕೊಲಂಬಿಯದ ಬೊಗೊಟಾ ಇದೇ ದಾರಿ ಹಿಡಿಯಿತು.

ದೆಹಲಿಯಲ್ಲಿ ಇದು ಮೊದಲಾದದ್ದು 2008ರ ಏಪ್ರಿಲ್‌ನಲ್ಲಿ. ಅಂಬೇಡ್ಕರ್ ನಗರದಿಂದ ದಿಲ್ಲಿ ಗೇಟಿನವರೆಗೆ 14.5 ಕಿಲೋಮೀಟರು ಎಂದಿದ್ದ ಯೋಜನೆಯಲ್ಲಿ ಮೂಲ್‌ಚಂದ್‌ವರೆಗಿನ 5.8 ಕಿಲೋಮೀಟರು ಮಾತ್ರ ಕಟ್ಟಲಾಯಿತು. ನಡುವೆ ಬಸ್ಸು, ಅದರ ಪಕ್ಕಕ್ಕೆ ಕಾರು, ಅಂಚಿನಲ್ಲಿ ಸೈಕಲ್ಲಿನವನೂ ಕಾಲುನಡಿಗೆಯವನೂ. ಸೈಕಲ್ಲಿನವನಿಗೂ ರಾಜಧಾನಿಯ ರಸ್ತೆಯಲ್ಲಿ ಪಾಲುಂಟೆಂದು ಗುರುತು ಹಾಕಿ ಹೇಳಿದ್ದು ಸಣ್ಣ ಸಂಗತಿಯಲ್ಲ.

ಗುಲ್ಲೆದ್ದಿತು. ಚಿರಾಗ್ ದಿಲ್ಲಿಯ ಚೌಕದಲ್ಲಿ ಕಾರುಗಳು ಸಾಲುಗಟ್ಟಿ ನಿಂತವು. ಪಕ್ಕದ ಬಸ್ಸಿನ ಹಾದಿ ಬರಿದಾಗಿ ಕಂಡಿತು. ಬಸ್ಸಿನ ಪಥಕ್ಕೆ ಎಲ್ಲ ವಾಹನಗಳನ್ನೂ ಬಿಡಿರೆಂಬ ಅಹವಾಲು ಉಚ್ಚ ನ್ಯಾಯಾಲಯದವರೆಗೆ ಹೋಯಿತು. 2012ರ ಅಕ್ಟೋಬರ್‌ನಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಆದರೆ ನ್ಯಾಯಾಲಯದಲ್ಲಿ ಉಳಿದ ಪಥ ಆಡಳಿತದಲ್ಲಿ ಉಳಿಯಲಿಲ್ಲ. 2015ರಲ್ಲಿ ಸರ್ಕಾರ ಅದನ್ನು ತೆಗೆಯಲು ನಿಶ್ಚಯಿಸಿತು. 2016ರ ಮೊದಲಲ್ಲಿ ಒಡೆಯುವ ಕೆಲಸ ನಡೆಯಿತು.

ಏರ್ಪಾಡಿನಲ್ಲಿ ಲೋಪಗಳಿದ್ದುದು ನಿಜ. ಚೌಕಗಳಲ್ಲಿ ಸಿಗ್ನಲ್ಲಿನ ಸರದಿ ಬಹಳ ಉದ್ದ. ನಿಲ್ದಾಣ ರಸ್ತೆಯ ನಡುವೆ. ಜನ ದಾಟಿಯೇ ಹೋಗಬೇಕು. ಯಾವ ಬಸ್ಸಾದರೂ ಒಳನುಗ್ಗಬಹುದಾಗಿದ್ದರಿಂದ ಒಂದು ಕೆಟ್ಟು ನಿಂತರೆ ಹಿಂದಿನವೆಲ್ಲ ನಿಂತವು. ಆದರೆ ಬರಿದೆಂದು ಕಂಡ ಹಾದಿ ನಿಜಕ್ಕೂ ಬರಿದಾಗಿತ್ತೆ? ಐವತ್ತು ಜನರನ್ನು ಹೊತ್ತ ಬಸ್ಸೊಂದು ಹಾದುಹೋದ ಮೇಲೆ ಹಾದಿ ಖಾಲಿಯೇ ಕಾಣುತ್ತದೆ. ಅದೇ ಐವತ್ತು ಜನ ಕಾರುಗಳಲ್ಲಿ ಬಂದರೆ ಬೀದಿಯೇ ತುಂಬುತ್ತದೆ. ಕಣ್ಣು ಎಣಿಸುವುದು ವಾಹನಗಳನ್ನು, ಜನರನ್ನಲ್ಲ.

ನಾನು ಕನ್ನಡ ಪಾಠ ಹೇಳುವವನು, ಎಂಜಿನಿಯರನಲ್ಲ. ಶಾಸನಗಳನ್ನು ಓದಿಸುವಾಗ ಒಂದು ವಿಷಯ ಮತ್ತೆ ಮತ್ತೆ ತಟ್ಟುತ್ತದೆ: ಕೆರೆ ಕಟ್ಟಿಸಿದವನ ಹೆಸರು ಕಲ್ಲಿನ ಮೇಲಿರುತ್ತದೆ, ಮಣ್ಣು ಹೊತ್ತವನದು ಇರುವುದು ಅಪರೂಪ. ದೆಹಲಿಯ ದಾಖಲೆಯೂ ಹಾಗೆಯೇ. ಕಾರಿನಲ್ಲಿ ಕಾದು ಬೇಸತ್ತವನ ದೂರು ಅರ್ಜಿಯಾಗಿ, ಸುದ್ದಿಯಾಗಿ ಉಳಿದಿದೆ. ಬಸ್ಸಿನಿಂದ ಹತ್ತು ನಿಮಿಷ ಮುಂಚೆ ಇಳಿದು ಮನೆ ಸೇರಿದವಳು ಅದನ್ನು ಯಾರಿಗೆ ಬರೆದು ತಿಳಿಸಿಯಾಳು?

ಮರು ವರ್ಷವೇ, 2009ರಲ್ಲಿ, ಅಹಮದಾಬಾದು ತನ್ನದೇ ಬಸ್ಸುಗಳನ್ನೂ ಮಟ್ಟದ ನಿಲ್ದಾಣಗಳನ್ನೂ ಇಟ್ಟುಕೊಂಡು ಇದೇ ಕೆಲಸವನ್ನು ಆರಂಭಿಸಿತು. ನಮ್ಮ ಹುಬ್ಬಳ್ಳಿ–ಧಾರವಾಡದ ನಡುವೆ 2018ರಲ್ಲಿ 'ಚಿಗರಿ' ಓಡತೊಡಗಿತು. ಆ ಪಥವನ್ನೂ ಎಲ್ಲ ವಾಹನಗಳಿಗೆ ತೆರೆಯಿರೆಂಬ ಒತ್ತಾಯ ಅಲ್ಲಿಯೂ ಕೇಳಿಬಂದಿದೆ. ಲೋಪವಿದ್ದರೆ ತಿದ್ದಬೇಕು, ಸಂದೇಹವಿಲ್ಲ. ಆದರೆ ತೀರ್ಮಾನಕ್ಕೆ ಮುನ್ನ ಯಾರಾದರೂ ನಿಲ್ದಾಣದಲ್ಲಿ ನಿಂತು, ಇಳಿಯುವ ತಲೆಗಳನ್ನು ಎಣಿಸಲಿ.